ಪ್ರಸಾದನಿಲಯಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಯ ಮೊದಲ ನೂರು ದಿನಗಳು

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೆಲವು ವಾರಗಳಲ್ಲಿಯೇ ನಾಡಿನ ಹಳ್ಳಿಹಳ್ಳಿಗಳಿಂದ ಹದಿನೈದು-ಹದಿನಾರು ವರ್ಷದ ಮಕ್ಕಳು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ತಟ್ಟೆ-ಲೋಟಗಳೊಡನೆ ವಸತಿಸಹಿತವಾದ ಪದವಿಪೂರ್ವ ಕಾಲೇಜುಗಳ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರಲ್ಲಿ ಬಹುಮಂದಿ ತಮ್ಮ ಊರಿನ ಶಾಲೆಗೆ ಮೊದಲಿಗರಾಗಿ ತೇರ್ಗಡೆ ಹೊಂದಿದವರು. ಊರಿನವರ ಹಾರೈಕೆಯೂ ತಂದೆತಾಯಿಗಳ ಆಸೆಯೂ ಅವರ ಬೆನ್ನ ಹಿಂದೆ ಇರುತ್ತವೆ. ಹೀಗಿದ್ದರೂ ದಸರೆಯ ರಜೆಗೆಂದು ಊರಿಗೆ ಹೋದವರಲ್ಲಿ ಒಬ್ಬಿಬ್ಬರು ಮತ್ತೆ ಹಿಂದಿರುಗುವುದಿಲ್ಲ. 'ಹುಡುಗನಿಗೆ ಓದು ತಲೆಗೆ ಹತ್ತಲಿಲ್ಲ' ಎಂದು ಮನೆಯವರು ಹೇಳುತ್ತಾರೆ; ನಾವೂ ಅದನ್ನೇ ನಂಬಿ ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೆರೆ ಎಳೆಯುತ್ತೇವೆ. ಮೂರು ತಿಂಗಳ ಹಿಂದೆ ಊರಿಗೆ ಮೊದಲಿಗನಾಗಿದ್ದ ಬಾಲಕನ ಬುದ್ಧಿ ಇಷ್ಟು ಬೇಗ ಎಲ್ಲಿ ಹೋಯಿತೆಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ವಿಚಾರಿಸಿ, ಹೊಸ ವಿದ್ಯಾರ್ಥಿಗೆ ಹೇಳತಕ್ಕ ಕೆಲವು ಮಾತುಗಳನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶ.

ಎಡವುವುದು ಬುದ್ಧಿಯ ಕೊರತೆಯಿಂದಲ್ಲ

ಮೊದಲು ಒಂದು ಉದಾಹರಣೆಯನ್ನು ನೋಡೋಣ. ಗುಜರಾತಿನ ಯುವಕನೊಬ್ಬನು 1887ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, 1888ರಲ್ಲಿ ಭಾವನಗರದ ಸಾಮಲ್‌ದಾಸ್ ಕಾಲೇಜನ್ನು ಸೇರಿದನು. ಅಲ್ಲಿನ ಅಧ್ಯಾಪಕರು ಹೆಸರಾದವರೇ. ಆದರೂ ಅವರ ಉಪನ್ಯಾಸಗಳು ಆತನಿಗೆ ತಿಳಿಯಲಿಲ್ಲ, ಎಲ್ಲವೂ ಕಷ್ಟವಾಯಿತು. ಮೊದಲ ಅವಧಿ ಮುಗಿಯುತ್ತಲೇ ಆತನು ಮನೆಗೆ ಹಿಂದಿರುಗಿದನು. ಆತನೇ ಮೋಹನದಾಸ ಕರಮಚಂದ ಗಾಂಧಿ. ಈ ಸಂಗತಿಯನ್ನು ಮಹಾತ್ಮರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅದೇ ವರ್ಷ ಲಂಡನ್ನಿಗೆ ಹೋದ ಅವರು ಅಲ್ಲಿನ ಮೆಟ್ರಿಕ್ಯುಲೇಷನ್ನಿಗೆ ಕುಳಿತಾಗ ಮೊದಲ ಸಲ ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣರಾಗಿ, ಎರಡನೆಯ ಪ್ರಯತ್ನದಲ್ಲಿ ತೇರ್ಗಡೆ ಹೊಂದಿದರು. ಬುದ್ಧಿ ಭಾವನಗರದಲ್ಲಿಯೂ ಲಂಡನ್ನಿನಲ್ಲಿಯೂ ಅದೇ ಆಗಿತ್ತು. ಹೊಸ ಸ್ಥಳಕ್ಕೂ ಹೊಸ ಭಾಷೆಗೂ ಒಗ್ಗಿಕೊಳ್ಳಲು ಕಾಲ ಬೇಕಾಗಿತ್ತು, ಅಷ್ಟೇ.

ನಮ್ಮ ನಿಲಯಗಳಿಗೆ ಬರುವ ಮಗುವಿಗೂ ಒಮ್ಮೆಲೇ ಮೂರು ಬದಲಾವಣೆಗಳು ಎದುರಾಗುತ್ತವೆ. ಮೊದಲನೆಯದು ಮನೆಯ ಬದಲಾವಣೆ. ತಾಯಿ ಎಬ್ಬಿಸುತ್ತಿದ್ದ ಮಗು ಈಗ ಗಂಟೆಯ ಸದ್ದಿಗೆ ಏಳಬೇಕು. ಎರಡನೆಯದು ಅಳತೆಯ ಬದಲಾವಣೆ. ಊರಿನಲ್ಲಿ ಮೊದಲಿಗನಾಗಿದ್ದವನು ಇಲ್ಲಿ ಅಂಥ ನೂರು ಮೊದಲಿಗರ ನಡುವೆ ಕುಳಿತಿರುತ್ತಾನೆ. ಮೂರನೆಯದು ಭಾಷೆಯ ಬದಲಾವಣೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ವಿಜ್ಞಾನ ವಿಭಾಗವನ್ನು ಸೇರಿದ ವಿದ್ಯಾರ್ಥಿಯ ಕೈಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳ ಪುಸ್ತಕಗಳು ಇಂಗ್ಲಿಷಿನಲ್ಲಿ ಬರುತ್ತವೆ. ಮೊದಲಿನ ಎರಡು ಬದಲಾವಣೆಗಳು ಕಣ್ಣಿಗೆ ಕಾಣುತ್ತವೆ. ನಿಲಯಪಾಲಕರು ಸಮಾಧಾನವನ್ನೂ ಹೇಳುತ್ತಾರೆ. ಮೂರನೆಯದು ಕಾಣುವುದಿಲ್ಲ. ಮಗು ತರಗತಿಯಲ್ಲಿ ಸುಮ್ಮನೆ ಕುಳಿತಿರುತ್ತದೆ, ತಲೆಯಾಡಿಸುತ್ತದೆ, ಕರಿಹಲಗೆಯ ಮೇಲಿನದನ್ನು ಅಂದವಾಗಿ ನಕಲು ಮಾಡಿಕೊಳ್ಳುತ್ತದೆ. ಅರ್ಥವಾಗದುದು ಭಾಷೆ. ಆದರೆ ಮಗು ಅದನ್ನು ತನ್ನ ದಡ್ಡತನವೆಂದು ತಿಳಿಯುತ್ತದೆ. ಅನರ್ಥದ ಮೂಲ ಇಲ್ಲಿದೆ.

ವಸತಿಯೊಡನೆ ವಿದ್ಯೆ: ನಮ್ಮ ನಾಡಿನ ಹಳೆಯ ದಾರಿ

ಮನೆ ಬಿಟ್ಟು ಬಂದು, ಮನೆಮಾತಲ್ಲದ ಭಾಷೆಯಲ್ಲಿ ಶಾಸ್ತ್ರವನ್ನು ಕಲಿಯುವುದು ಕರ್ನಾಟಕಕ್ಕೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ಕ್ರಿ.ಶ. 945ರ ಶಾಸನ ವರ್ಣಿಸುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳು ಅಲ್ಲಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದವನ್ನು ಓದುವ 200 ಮಂದಿಗೂ ಶಾಸ್ತ್ರವನ್ನು ಓದುವ 50 ಮಂದಿಗೂ ಏರ್ಪಾಡಿದ್ದು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನದಿಂದ ತಿಳಿಯುತ್ತದೆ. ಬಳ್ಳಿಗಾವೆಯ ಕೋಡಿಯಮಠವು ವ್ಯಾಕರಣ, ದರ್ಶನಗಳ ಅಧ್ಯಯನಕ್ಕೆ ನೆಲೆಯಾಗಿದ್ದಂತೆಯೇ ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವಾಗಿತ್ತೆಂದು 1162ರ ಶಾಸನ ಹೊಗಳುತ್ತದೆ.

ಈ ಶಾಲೆಗಳಲ್ಲಿ ಓದಿದ ಶಾಸ್ತ್ರಗ್ರಂಥಗಳು ಸಂಸ್ಕೃತದಲ್ಲಿದ್ದವು. ಓದುವ ಮಕ್ಕಳ ಮನೆಮಾತು ಬೇರೆಯಾಗಿತ್ತು. ಇಂದಿನ ನಮ್ಮ ವಿದ್ಯಾರ್ಥಿಯ ಸಂಕಟವೇ ಅಂದಿನ ವಿದ್ಯಾರ್ಥಿಗೂ ಇತ್ತು. ಅದನ್ನು ದಾಟಲು ನಮ್ಮ ಹಿರಿಯರು ಒಂದು ಕ್ರಮವನ್ನು ಕಂಡುಕೊಂಡಿದ್ದರು. ಕಠಿನವಾದ ಗ್ರಂಥವನ್ನು ಬಿಡಿಸುವ ವ್ಯಾಖ್ಯಾನಕ್ಕೆ ಐದು ಅಂಗಗಳನ್ನು ಹೇಳಿದರು: ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ-ಸಮಾಧಾನ. ನಮ್ಮ ವಿದ್ವತ್ ಪಾಠಶಾಲೆಗಳಲ್ಲಿ ಇಂದಿಗೂ ಪಾಠ ನಡೆಯುವುದು ಇದೇ ಕ್ರಮದಲ್ಲಿ. ಇದು ಸಂಸ್ಕೃತಕ್ಕೆ ಮಾತ್ರ ಮೀಸಲಾದ ಕ್ರಮವೆಂದು ಭಾವಿಸಬಾರದು. ಇಂಗ್ಲಿಷಿನಲ್ಲಿ ಬರೆದ ವಿಜ್ಞಾನದ ಪುಸ್ತಕವನ್ನು ಓದುವುದಕ್ಕೂ ಇದು ಅಷ್ಟೇ ಉಪಯುಕ್ತ.

ಒಂದು ವಾಕ್ಯವನ್ನು ಬಿಡಿಸುವ ಬಗೆ

ರಸಾಯನಶಾಸ್ತ್ರದಲ್ಲಿ ಬರುವ ಬಾಯ್ಲನ ನಿಯಮವನ್ನು ತೆಗೆದುಕೊಳ್ಳಿ. ಇಂಗ್ಲಿಷಿನ ಆ ಒಂದೇ ವಾಕ್ಯದಲ್ಲಿ ವಾಲ್ಯೂಮ್, ಮಾಸ್, ಪ್ರೆಷರ್, ಟೆಂಪರೇಚರ್, ಇನ್ವರ್ಸ್‌ಲಿ ಪ್ರೊಪೋರ್ಷನಲ್ ಎಂಬ ಮಾತುಗಳು ಗುಂಪುಗೂಡಿ ಬರುತ್ತವೆ. ಹೊಸಬನು ಇಡೀ ವಾಕ್ಯವನ್ನು ಉರುಹೊಡೆಯಲು ತೊಡಗುತ್ತಾನೆ. ಅದರ ಬದಲು ಹೀಗೆ ಮಾಡಬೇಕು.

ಮೊದಲು ಪದಗಳನ್ನು ಬೇರೆ ಮಾಡಿ ಬರೆದುಕೊಳ್ಳುವುದು. ಬಳಿಕ ಒಂದೊಂದರ ಮುಂದೆಯೂ ಕನ್ನಡದ ಅರ್ಥವನ್ನು ಬರೆಯುವುದು: ವಾಲ್ಯೂಮ್ ಎಂದರೆ ಗಾತ್ರ, ಮಾಸ್ ಎಂದರೆ ದ್ರವ್ಯರಾಶಿ, ಪ್ರೆಷರ್ ಎಂದರೆ ಒತ್ತಡ. ಮೂರನೆಯದಾಗಿ ಕೂಡುಪದಗಳನ್ನು ಒಡೆದು ನೋಡುವುದು: ಇನ್ವರ್ಸ್ ಎಂಬುದು ವಿಲೋಮ, ಪ್ರೊಪೋರ್ಷನ್ ಎಂಬುದು ಅನುಪಾತ, ಎರಡೂ ಸೇರಿ ವಿಲೋಮಾನುಪಾತ. ನಾಲ್ಕನೆಯದಾಗಿ ಅನ್ವಯ. ಇಂಗ್ಲಿಷಿನಲ್ಲಿ ಷರತ್ತು ವಾಕ್ಯದ ಕೊನೆಗೆ ಬಂದಿರಬಹುದು. ಕನ್ನಡದಲ್ಲಿ ಅದನ್ನು ಮೊದಲಿಗೆ ತಂದು, 'ಉಷ್ಣತೆಯು ಬದಲಾಗದಿರುವಾಗ, ನಿರ್ದಿಷ್ಟ ದ್ರವ್ಯರಾಶಿಯುಳ್ಳ ಅನಿಲದ ಗಾತ್ರವು ಅದರ ಒತ್ತಡಕ್ಕೆ ವಿಲೋಮಾನುಪಾತದಲ್ಲಿರುತ್ತದೆ' ಎಂದು ಜೋಡಿಸಬೇಕು. ಕೊನೆಯದು ಆಕ್ಷೇಪ-ಸಮಾಧಾನ: 'ನಿರ್ದಿಷ್ಟ ದ್ರವ್ಯರಾಶಿ' ಎಂದು ಏಕೆ ಹೇಳಬೇಕು? ಪಾತ್ರೆಯಿಂದ ಅನಿಲ ಸೋರಿದರೆ ಲೆಕ್ಕ ಕೆಡುತ್ತದೆ, ಅದಕ್ಕಾಗಿ. 'ಉಷ್ಣತೆ ಬದಲಾಗದಿರುವಾಗ' ಎಂದೇಕೆ? ಕಾಯಿಸಿದರೆ ಅನಿಲ ಹಿಗ್ಗುತ್ತದೆ, ಅದಕ್ಕಾಗಿ. ಹೀಗೆ ಕೇಳಿಕೊಂಡು ಓದಿದವನು ಪರೀಕ್ಷೆಯಲ್ಲಿ ಆ ಎರಡು ಷರತ್ತುಗಳನ್ನು ಮರೆಯಲಾರನು. ಅಂಕ ಹೋಗುವುದು ಸಾಮಾನ್ಯವಾಗಿ ಅಲ್ಲಿಯೇ. ಆ ಮೇಲೆ ಮೂಲ ಇಂಗ್ಲಿಷ್ ವಾಕ್ಯವನ್ನು ಪುಸ್ತಕ ನೋಡದೆ ಬರೆಯಬೇಕು. ಕನ್ನಡದಲ್ಲಿ ತಿಳಿದುಕೊಂಡು ಇಂಗ್ಲಿಷಿನಲ್ಲಿ ಬರೆಯುವ ಈ ಅಭ್ಯಾಸವೇ ಮೊದಲ ನೂರು ದಿನಗಳ ಮುಖ್ಯ ಸಾಧನೆಯಾಗಬೇಕು.

ಈ ಕೆಲಸಕ್ಕೆ ಬೇಕಾದುದು ಒಂದು ನೋಟುಪುಸ್ತಕ. ಪುಟವನ್ನು ಮೂರು ಭಾಗ ಮಾಡಿ ಇಂಗ್ಲಿಷ್ ಪದ, ಕನ್ನಡದ ಅರ್ಥ, ಸ್ವಂತ ವಾಕ್ಯ ಎಂದು ಬರೆಯುತ್ತ ಹೋಗಬೇಕು. ದಿನಕ್ಕೆ ಹತ್ತು ಪದಗಳಾದರೆ ನೂರು ದಿನಗಳಿಗೆ ಸಾವಿರವಾಗುತ್ತದೆ. ಅವುಗಳಲ್ಲಿ ಬಹುಪಾಲು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿಷಯಗಳೇ ಎಂಬುದು ಬರೆಯುವಾಗ ತಾನಾಗಿ ತಿಳಿಯುತ್ತದೆ. ಫೋಟೋಸಿಂಥೆಸಿಸ್ ಎಂದರೆ ದ್ಯುತಿಸಂಶ್ಲೇಷಣೆ: ಫೋಟೋ ಎಂಬುದು ದ್ಯುತಿ, ಅಂದರೆ ಬೆಳಕು, ಸಿಂಥೆಸಿಸ್ ಎಂಬುದು ಸಂಶ್ಲೇಷಣೆ. ಥರ್ಮಾಮೀಟರ್ ಎಂಬುದು ಉಷ್ಣಮಾಪಕ. ಟ್ರಿಗನಾಮೆಟ್ರಿ ಎಂಬುದು ತ್ರಿಕೋನಮಿತಿ. ಆ ಗಣಿತದಲ್ಲಿ ಮಕ್ಕಳನ್ನು ಹೆದರಿಸುವ 'ಸೈನ್' ಎಂಬ ಪದವಂತೂ ನಮ್ಮಲ್ಲಿಂದಲೇ ಹೋದದ್ದು. ಸಂಸ್ಕೃತದ ಜ್ಯಾ, ಜೀವಾ ಎಂಬ ಪದವು ಅರಬ್ಬೀ ಭಾಷೆಗೆ ಹೋಗಿ 'ಜೀಬ' ಎಂದಾಯಿತು. ಅದನ್ನು 'ಜೈಬ್' ಎಂದು ಓದಿಕೊಂಡವರು ಲ್ಯಾಟಿನ್ನಿಗೆ 'ಸೈನಸ್' ಎಂದು ಅನುವಾದಿಸಿದರು. ಹೊರಗಿನದೆಂದು ಅಂಜಿದ ಪದದ ಬೇರು ನಮ್ಮ ಅಂಗಳದಲ್ಲಿಯೇ ಇದೆ ಎಂದು ತಿಳಿದ ಮಗುವಿಗೆ ಅರ್ಧ ಭಯ ಹೋಗುತ್ತದೆ.

ಪ್ರಶ್ನೆ ಏನನ್ನು ಕೇಳುತ್ತದೆ?

ಪ್ರಶ್ನಪತ್ರಿಕೆಯ ಕ್ರಿಯಾಪದಗಳ ಅರ್ಥವನ್ನು ಮೊದಲ ತಿಂಗಳಿನಲ್ಲಿಯೇ ಕಲಿಸಬೇಕು. 'ಸ್ಟೇಟ್' ಎಂದರೆ ನಿಯಮವನ್ನು ಹೇಳಿದರೆ ಸಾಕು. 'ಎಕ್ಸ್‌ಪ್ಲೇನ್' ಎಂದರೆ ಕಾರಣದೊಡನೆ ವಿವರಿಸಬೇಕು. 'ಡಿರೈವ್' ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಉಪಪತ್ತಿಯನ್ನು ತೋರಿಸಬೇಕು. 'ಡಿಸ್ಟಿಂಗ್ವಿಷ್' ಎಂದರೆ ಎರಡರ ಭೇದವನ್ನು ಎದುರುಬದುರಾಗಿ ಬರೆಯಬೇಕು. 'ಡಿಫೈನ್' ಎಂದರೆ ಲಕ್ಷಣವನ್ನು ಹೇಳಬೇಕು.

ಲಕ್ಷಣಕ್ಕೆ ಮೂರು ದೋಷಗಳುಂಟೆಂದು ನಮ್ಮ ತರ್ಕಶಾಸ್ತ್ರ ಹೇಳುತ್ತದೆ. ಹಸುವಿಗೆ 'ಕೊಂಬುಳ್ಳದ್ದು' ಎಂದು ಲಕ್ಷಣ ಹೇಳಿದರೆ ಎಮ್ಮೆಗೂ ಸಲ್ಲುತ್ತದೆ; ಇದು ಅತಿವ್ಯಾಪ್ತಿ. 'ಕಪಿಲವರ್ಣದ್ದು' ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. 'ಒಂದೇ ಗೊರಸುಳ್ಳದ್ದು' ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಭೌತಶಾಸ್ತ್ರದಲ್ಲಿ ಆಕ್ಸಿಲರೇಷನ್ ಎಂದರೆ 'ವೇಗ ಹೆಚ್ಚುವುದು' ಎಂದು ಬರೆದ ವಿದ್ಯಾರ್ಥಿಯ ಉತ್ತರ ಅವ್ಯಾಪ್ತಿದೋಷದಿಂದ ಕೂಡಿದೆ. ಏಕೆಂದರೆ ವೇಗ ಕಡಿಮೆಯಾಗುವುದೂ, ದಿಕ್ಕು ಬದಲಾಗುವುದೂ ಅದರಲ್ಲಿ ಸೇರಬೇಕು. ಕನ್ನಡ, ಸಂಸ್ಕೃತ ಪಂಡಿತರೂ ವಿಜ್ಞಾನದ ಅಧ್ಯಾಪಕರೂ ವಾರಕ್ಕೆ ಒಂದು ಗಂಟೆ ಜೊತೆಗೆ ಕುಳಿತು ಇಂಥ ಪಾಠವನ್ನು ಮಾಡಿದರೆ ಹೊಸ ಮಕ್ಕಳಿಗೆ ಆಗುವ ಉಪಕಾರ ದೊಡ್ಡದು.

ಸಹಪಾಠಿ ಎಂಬ ಗುರು

ವಿದ್ಯೆಯಲ್ಲಿ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಜೊತೆಯವರಿಂದ, ಉಳಿದ ಕಾಲುಭಾಗ ಕಾಲಕ್ರಮದಲ್ಲಿ ಬರುತ್ತದೆಂಬುದು ಹಿರಿಯರ ಎಣಿಕೆ. ಮನೆಯಿಂದ ಬಂದು ಹೋಗುವ ವಿದ್ಯಾರ್ಥಿಗೆ ಮೂರನೆಯ ಭಾಗ ಅಷ್ಟಾಗಿ ದೊರೆಯುವುದಿಲ್ಲ. ನಿಲಯವಾಸಿಗೆ ಅದು ಹಗಲಿರುಳೂ ಕೈಗೆಟಕುವಂತಿದೆ. ಆದುದರಿಂದ ರಾತ್ರಿಯ ಓದಿನ ವೇಳೆಯಲ್ಲಿ ಅರ್ಧ ಗಂಟೆಯನ್ನು ಮೂವರು ನಾಲ್ವರು ಕೂಡಿ, ಅಂದಿನ ಪಾಠವನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇಟ್ಟುಕೊಳ್ಳಬೇಕು. ಹೇಳಲು ಬಾರದೆ ತಡವರಿಸಿದ ಜಾಗದಲ್ಲಿಯೇ ತಿಳಿಯದುದು ಉಳಿದಿದೆ ಎಂದು ಅರ್ಥ. ಅದನ್ನು ಗುರುತು ಹಾಕಿಕೊಂಡು ಮರುದಿನ ಅಧ್ಯಾಪಕರನ್ನು ಕೇಳಬೇಕು. ತರಗತಿಯಲ್ಲಿ ಎದ್ದುನಿಂತು ಕೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಲಿ. ಇಂಗ್ಲಿಷಿನಲ್ಲಿ ಕೇಳಲು ಬಾರದಿದ್ದರೆ ಕನ್ನಡದಲ್ಲಿಯೇ ಕೇಳಲಿ. ಹಾಗೆ ಕೇಳಿದ ಮಗುವನ್ನು ನೋಡಿ ಯಾವ ಅಧ್ಯಾಪಕರೂ ನಗಬಾರದು, ನಗುವವರನ್ನು ತಡೆಯದೆಯೂ ಇರಬಾರದು. ಒಂದು ನಗು ಒಂದು ಮಗುವಿನ ಬಾಯನ್ನು ವರ್ಷಪೂರ್ತಿ ಮುಚ್ಚಿಸಬಲ್ಲದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮೆಚ್ಚಿದ ಒಂದು ವಿಷಯವನ್ನೇ ಹಿಡಿದು ಉಳಿದುದನ್ನು ಬಿಡಬಾರದು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1904ರಲ್ಲಿ ಕುಂಭಕೋಣದ ಸರಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿದರು. ಗಣಿತವೊಂದರಲ್ಲಿಯೇ ಮುಳುಗಿ ಇಂಗ್ಲಿಷ್ ಮೊದಲಾದ ವಿಷಯಗಳನ್ನು ಅಲಕ್ಷಿಸಿದುದರಿಂದ ಆ ವೇತನ ಕೈತಪ್ಪಿತು. 1905ರಲ್ಲಿ ಮನೆಯವರಿಗೆ ಹೇಳದೆ ವಿಶಾಖಪಟ್ಟಣದತ್ತ ಹೊರಟುಹೋದರು. ಅಂಥ ಪ್ರತಿಭೆಯೇ ಬಳಲಿದ ಮೇಲೆ ಸಾಮಾನ್ಯರ ಪಾಡೇನು? ಪಿ.ಯು.ಸಿ.ಯಲ್ಲಿ ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು, ಒಟ್ಟು ಆರು ವಿಷಯಗಳಿಗೆ 600 ಅಂಕಗಳು. ಆರಕ್ಕೂ ವಾರದಲ್ಲಿ ಅದರದರ ಪಾಲು ಸಲ್ಲಬೇಕು. ಇನ್ನು ಅಧ್ಯಾಪಕರು ಇದೇ ಕಥೆಯಿಂದ ಬೇರೊಂದು ಪಾಠವನ್ನು ಕಲಿಯಬೇಕು: ಒಂದು ವಿಷಯದಲ್ಲಿ ಬೆಳಗುತ್ತ ಮತ್ತೊಂದರಲ್ಲಿ ಕುಸಿಯುತ್ತಿರುವ ಮಗುವನ್ನು ಪರೀಕ್ಷೆಗೆ ಮುಂಚೆಯೇ ಕರೆದು ಮಾತನಾಡಿಸಬೇಕು.

ದೇಹ, ನಿದ್ರೆ, ಮನಸ್ಸು

ಹದಿನಾರರ ಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಬೆಳಗಿನ ಐದಕ್ಕೆ ಗಂಟೆ ಬಾರಿಸುವ ನಿಲಯದಲ್ಲಿ ರಾತ್ರಿ ಒಂಬತ್ತಕ್ಕೆ ದೀಪ ಆರದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ನಡುರಾತ್ರಿಯವರೆಗೆ ಓದಿ ತರಗತಿಯಲ್ಲಿ ತೂಕಡಿಸುವುದು ಶ್ರದ್ಧೆಯಲ್ಲ. ದೀಪವಾರಿದ ಮೇಲೆ ಹೊದಿಕೆಯೊಳಗೆ ಮೊಬೈಲು ಬೆಳಗುವ ಅಭ್ಯಾಸವಂತೂ ನಿದ್ರೆಯನ್ನೂ ಓದನ್ನೂ ಕೂಡಿಯೇ ಕೆಡಿಸುತ್ತದೆ. ಟವೆಲು, ಸೋಪು, ಹಾಸಿಗೆಗಳನ್ನು ಒಬ್ಬರದನ್ನೊಬ್ಬರು ಬಳಸಬಾರದು. ಕೋಣೆಯಲ್ಲಿ ಒಬ್ಬನಿಗೆ ಕಜ್ಜಿ ತಗುಲಿದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಿ, ಕೋಣೆಯವರೆಲ್ಲರೂ ಒಟ್ಟಿಗೆ ಔಷಧ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಅದು ಸುತ್ತಿ ಸುತ್ತಿ ಮರಳಿ ಬರುತ್ತದೆ. ಸರದಿಯ ಕಸಗುಡಿಕೆ, ಬಡಿಸುವಿಕೆಗಳನ್ನು ಹೊರೆಯೆಂದು ಭಾವಿಸಬಾರದು. ಹೊಸ ಮಗುವಿಗೆ ನಾಲ್ಕು ಜನರ ಪರಿಚಯವಾಗುವುದು ಆ ಕಾಯಕದಲ್ಲಿಯೇ.

ಮನೆಯ ನೆನಪಿನಿಂದ ಕಣ್ಣೀರು ಬರುವುದು ದೌರ್ಬಲ್ಯವಲ್ಲ. ಕೆಲವು ವಾರಗಳಲ್ಲಿ ಅದು ತಾನಾಗಿ ತಗ್ಗುವುದುಂಟು. ಆದರೆ ಊಟ ಬಿಡುವ, ನಿದ್ರೆ ಬಾರದ, ಯಾರೊಡನೆಯೂ ಮಾತನಾಡದ, 'ನಾನಿದ್ದು ಏನು ಪ್ರಯೋಜನ' ಎನ್ನುವ ಮಗುವನ್ನು ಕಂಡರೆ ನಿಲಯಪಾಲಕರೂ ಕೋಣೆಯ ಗೆಳೆಯರೂ ಅದನ್ನು ಅಂದೇ ಗಮನಿಸಿ ಹಿರಿಯರಿಗೆ ತಿಳಿಸಬೇಕು, ಒಂಟಿಯಾಗಿ ಬಿಡಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ 14416 ಎಂಬ ಸಂಖ್ಯೆಯನ್ನು ಪ್ರತಿಯೊಂದು ನಿಲಯದ ಗೋಡೆಯ ಮೇಲೂ ಬರೆಯಿಸುವುದು ಒಳ್ಳೆಯದು. ಅಂಕಪಟ್ಟಿಯ ಯಾವ ಸಂಖ್ಯೆಯೂ ಒಂದು ಜೀವಕ್ಕೆ ಸಮನಲ್ಲ ಎಂಬುದನ್ನು ಮಕ್ಕಳಿಗಿಂತ ಮೊದಲು ನಾವು ಹಿರಿಯರು ಮನಗಾಣಬೇಕಾಗಿದೆ.

ಲೌಕಿಕವಾದ ಒಂದು ಮಾತನ್ನೂ ಹೇಳಬೇಕು. ವೃತ್ತಿಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ಸಿ.ಇ.ಟಿ.ಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15ರಷ್ಟೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟೂ ಸ್ಥಾನಗಳು ಮೀಸಲಾಗಿವೆ. ಊರಿನ ಶಾಲೆಯಿಂದ ಪಡೆಯಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲ ರಜೆಯಲ್ಲಿಯೇ ಬರೆಯಿಸಿಕೊಂಡು ಇಟ್ಟುಕೊಳ್ಳುವುದು ಲೇಸು. ಕನ್ನಡದಲ್ಲಿ ಓದಿದುದು ಅಡ್ಡಿಯೆಂದು ಕೊರಗುವ ಮಗುವಿಗೆ ಅದು ಹಕ್ಕೂ ಆಗಿದೆಯೆಂದು ತಿಳಿಸಿಕೊಡಬೇಕು.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅರಿಕೆ

ಸಾಲೋಟಗಿಯ ದಾನಿಗಳು ಮನೆಗಳನ್ನು ಕೊಟ್ಟು ಅಷ್ಟಕ್ಕೇ ನಿಲ್ಲದೆ ದೀಪಕ್ಕೂ ಭೂಮಿಯನ್ನು ಬಿಟ್ಟರು. ನಾಗಾವಿಯವರು ಗ್ರಂಥಗಳನ್ನು ನೋಡಿಕೊಳ್ಳುವವರಿಗೂ ಜೀವನೋಪಾಯ ಕಲ್ಪಿಸಿದರು. ಕಟ್ಟಡದೊಳಗೆ ನಡೆಯುವ ಓದಿನ ಮೇಲೆ ಅವರ ದೃಷ್ಟಿಯಿತ್ತು. ಇಂದಿನ ಉದಾರಿಗಳು ಕೋಣೆಗಳನ್ನು ಕಟ್ಟಿಸಿ, ದಾಸೋಹಕ್ಕೆ ಅಕ್ಕಿ-ಬೇಳೆಗಳನ್ನು ಒದಗಿಸಿ ಮಹದುಪಕಾರ ಮಾಡುತ್ತಿದ್ದಾರೆ. ಅದರೊಡನೆ ಪ್ರತಿಯೊಂದು ಕೋಣೆಗೂ ಒಂದು ಇಂಗ್ಲಿಷ್-ಕನ್ನಡ ನಿಘಂಟು, ಪ್ರತಿಯೊಬ್ಬ ಹೊಸ ವಿದ್ಯಾರ್ಥಿಗೂ ಒಂದು ಪದಸಂಗ್ರಹದ ನೋಟುಪುಸ್ತಕ, ಮೊದಲ ನೂರು ದಿನಗಳ ಸಂಜೆಯ ಪಾಠಕ್ಕೆ ಒಬ್ಬ ಅಧ್ಯಾಪಕರ ಗೌರವಧನ ಇವುಗಳಿಗೂ ದತ್ತಿಗಳನ್ನು ಇಟ್ಟರೆ ಆ ಅನ್ನ ವಿದ್ಯೆಯಾಗಿ ಪರಿಣಮಿಸುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ವೈದ್ಯರೂ ಎಂಜಿನಿಯರುಗಳೂ ಅಧಿಕಾರಿಗಳೂ ಇದ್ದಾರೆ. ಅವರು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಮಾತನಾಡಿ ಹೋಗುವುದಕ್ಕಿಂತ, ಜೂನ್-ಜುಲೈ ತಿಂಗಳಲ್ಲಿ ಒಂದು ಸಂಜೆ ಬಂದು ಹೊಸ ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಂಡು, ತಮಗೂ ಮೊದಲ ಕಿರುಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಿತ್ತೆಂಬುದನ್ನು ಹೇಳಿದರೆ ಮಕ್ಕಳಿಗೆ ಆಗುವ ಧೈರ್ಯ ಬೇರೆ ಯಾವ ಉಪದೇಶದಿಂದಲೂ ಆಗದು.

ಹೊಸದಾಗಿ ಬಂದಿರುವ ಚಿರಂಜೀವಿಗಳು ದಸರೆಯ ರಜೆಗೆ ಊರಿಗೆ ಹೋಗಿ, ತಾಯಿ ಕಟ್ಟಿಕೊಟ್ಟ ಬುತ್ತಿಯೊಡನೆ ಒಬ್ಬರೂ ತಪ್ಪದೆ ಹಿಂದಿರುಗಿ ಬರಲಿ, ಎರಡು ವರ್ಷಗಳ ಓದನ್ನು ಪೂರೈಸಿ ತಮ್ಮ ಮನೆಗೂ ನಾಡಿಗೂ ಬೆಳಕಾಗಲಿ ಎಂದು ಮನಸಾರೆ ಹಾರೈಸುತ್ತೇನೆ.